ಉಪ್ಪು ಹಾಕದ ಚಕ್ಕಾ

ಮೊನ್ನೆ ಸೊಸೆಯ ಗೆಳತಿಯರು ಮನೆಗೆ ಬಂದಿದ್ದರು. ನೀರು ಬಸಿದ ಗಟ್ಟಿ ಮೊಸರಿಗೆ ಹಸಿಮೆಣಸಿನಕಾಯಿ, ಕೊತ್ತಂಬರಿ ಜಜ್ಜಿ ಕಲಸಿ, ಸುತ್ತ ಗಜ್ಜರಿ ಸೌತೆಕಾಯಿ ಉದ್ದುದ್ದ ಹೆಚ್ಚಿಟ್ಟು ಸೊಸೆ ತಂದಿಟ್ಟಳು. ಅದಕ್ಕೆ ಡಿಪ್ ಅನ್ನುತ್ತಾರಂತೆ. ಒಬ್ಬಳು ಅದ್ದಿ ತಿಂದು, "ಒಲೆ ಹಚ್ಚೋದೇ ಬೇಡ, ಎಷ್ಟು ಈಸಿ ಅಲ್ವಾ ಆಂಟಿ?" ಎಂದು ನನ್ನ ಕಡೆ ತಿರುಗಿದಳು. ಪಾಪ, ಆ ಹುಡುಗಿಯದೇನೂ ತಪ್ಪಿಲ್ಲ. ಆದರೆ ನನಗೆ ಪಿತ್ತ ನೆತ್ತಿಗೇರಿತು. ಎದ್ದು ಒಳಗೆ ಹೋದೆ. ಅತ್ತೆಗೆ ಮಂಡಿ ನೋವು ಎಂದು ಸೊಸೆ ಏನೋ ಹೇಳಿ ಸಾವರಿಸಿದಳು.

ಮಂಡಿ ನೋವಲ್ಲ, ಸಿಟ್ಟು. ನಾಸಿಕದ ಒಂದು ವಾಡೆಯ ಮಾಳಿಗೆಯಲ್ಲಿ ಹುಟ್ಟಿ ಔರಂಗಾಬಾದಿನಲ್ಲಿ ಬಲಿತ ಸಿಟ್ಟು. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಎಂದು ಹೆಸರಾಗಿದೆ. ಊರಿನ ಹೆಸರು ಬದಲಾದರೂ ನನ್ನ ಸಿಟ್ಟು ಇದ್ದ ಹಾಗೇ ಇದೆ. ಮಗ ಪ್ರಾಣಾಯಾಮ ಹೇಳಿಕೊಟ್ಟಿದ್ದಾನೆ. ಉಸಿರು ಎಳೆದುಕೊಂಡಾಗಲೂ ಅದೇ ನೆನಪು, ಬಿಟ್ಟಾಗಲೂ ಅದೇ ನೆನಪು. ಅದಕ್ಕೇ ಬರೆದು ಹಾಕುತ್ತಿದ್ದೇನೆ.

ನಮ್ಮದು ಬೀದರ ಕಡೆ. ಅರವತ್ತರ ದಶಕದಲ್ಲಿ ಅಪ್ಪ ನಾಸಿಕದ ಒಂದು ಖಾಸಗಿ ಕಂಪನಿಯಲ್ಲಿ ಗುಮಾಸ್ತರಾಗಿದ್ದರು. ಗೋದಾವರಿಯಿಂದ ಸ್ವಲ್ಪ ದೂರದಲ್ಲಿ, ನಡುವೆ ಚೌಕವಿರುವ ಹಳೆಯ ವಾಡೆಯೊಂದರ ಮಾಳಿಗೆಯ ಮೇಲೆ ನಮ್ಮ ಎರಡು ಕೋಣೆ. ಕೆಳಗೆ ಮನೆಯ ಮಾಲೀಕರು ಇರುತ್ತಿದ್ದರು. ಆ ಮನೆಯ ಸೊಸೆಯನ್ನು ನಾವು ಮಕ್ಕಳು ಕಾಕೂ ಅನ್ನುತ್ತಿದ್ದೆವು, ಅವ್ವ ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದಳು. ಅವರೂ ಅವ್ವನನ್ನು ವಹಿನಿ ಎಂದೇ ಕರೆಯುತ್ತಿದ್ದರು. ಅವ್ವನ ಮರಾಠಿಗೆ ಅರ್ಧ ಕನ್ನಡ ಬೆರೆತಿರುತ್ತಿತ್ತು. ಕಾಕೂ ಅದನ್ನು ಕೇಳಿ ಕೇಳಿಯೇ ಕನ್ನಡ ತಿಳಿದುಕೊಂಡಿದ್ದರು. ಮಧ್ಯಾಹ್ನ ಗಂಡಸರು ಕೆಲಸಕ್ಕೆ ಹೋದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತ, ಇಬ್ಬರಿಗೂ ಪೂರ್ತಿ ಬಾರದ ಭಾಷೆಯಲ್ಲಿ ಲೋಕವನ್ನೆಲ್ಲ ಆಡಿಕೊಂಡು ನಗುತ್ತಿದ್ದರು.

ಬರಿಯ ಮಾತಿನ ಸ್ನೇಹವಲ್ಲ ಅದು. ಕಾಕೂಗೆ ಹೊಟ್ಟೆಯಲ್ಲಿದ್ದ ಕೂಸು ಹೋದಾಗ ರಕ್ತದ ಬಟ್ಟೆ ಒಗೆದವಳು ಅವ್ವ. ಎಬ್ಬಿಸಿ ಕೂರಿಸಿದವಳು, ತಲೆಗೆ ಎಣ್ಣೆ ಹಚ್ಚಿದವಳು, ಸೊಂಟಕ್ಕೆ ಬಿಸಿನೀರು ಹಾಕಿದವಳು ಅವ್ವ. ನನಗೆ ಗೊಬ್ಬರ, ಅಂದರೆ ದಡಾರ, ಬಂದು ಮೈಯೆಲ್ಲ ಕೆಂಪಾದಾಗ ಬೇವಿನ ಸೊಪ್ಪು ತಂದು ಪಕ್ಕದಲ್ಲಿ ಕೂತವರು ಕಾಕೂ. ಅವರ ಮನೆಯ ಪುರಣಪೋಳಿ, ಸಾಬೂದಾಣೆ ಖಿಚಡಿ, ಮೋದಕ ಎಲ್ಲ ನಮ್ಮ ಮಾಳಿಗೆಗೆ ಬರುತ್ತಿದ್ದವು, ನಾವು ಬೆರಳು ಚೀಪಿಕೊಂಡು ತಿನ್ನುತ್ತಿದ್ದೆವು.

ನಮ್ಮ ಮನೆಯಿಂದ ಕೆಳಗೆ ಹೋಗುವುದು ಮಾತ್ರ ನಡೆಯುತ್ತಿರಲಿಲ್ಲ. ವಾಡೆಗೆ ಬಂದ ಹೊಸತರಲ್ಲಿ ಅವ್ವ ಶೇಂಗಾ ಹೋಳಿಗೆ ಮಾಡಿ, ಕೆಂಪಗೆ ಬೇಯಿಸಿ, ತುಪ್ಪ ಸವರಿ, ತಟ್ಟೆ ಮುಚ್ಚಿಕೊಂಡು ಇಳಿದು ಹೋದಳು. ಕಾಕೂವಿನ ಅತ್ತೆ ತೂಗುಯ್ಯಾಲೆಯ ಮೇಲೆ ಕೂತು ಜಪ ಮಾಡುತ್ತಿದ್ದರು. "ಅಲ್ಲಿಡು" ಎಂದು ಬೆರಳು ತೋರಿಸಿದರು. ಅವ್ವ ಹೊಸ್ತಿಲ ಹೊರಗೆ ಇಟ್ಟು ಬಂದಳು. ಸಂಜೆ ಪಾತ್ರೆ ತೊಳೆಯುವ ಹೆಂಗಸು ಅದೇ ಹೋಳಿಗೆಗಳನ್ನು ಸೆರಗಿಗೆ ಕಟ್ಟಿಕೊಂಡು ಹೋಗುವುದನ್ನು ನಾವು ಮೇಲಿನಿಂದ ನೋಡಿದೆವು. ಮಾರನೆಯ ದಿನ ತಟ್ಟೆ ಹುಣಸೆಹಣ್ಣು, ಬೂದಿಯಿಂದ ತಿಕ್ಕಿಸಿಕೊಂಡು ಥಳಥಳ ಹೊಳೆಯುತ್ತ ವಾಪಸು ಬಂತು.

ಹಿಂದೆಯೇ ಕಾಕೂ ಬಂದರು, ಕಣ್ಣು ಕೆಂಪಾಗಿತ್ತು. "ಸಾಸೂಬಾಯಿಗೆ ನಡೆಯುವುದಿಲ್ಲ, ಬೇರೆಯವರ ಒಲೆಯದು ನಮಗೆ ಸೋವಳೆಯಲ್ಲ" ಎಂದರು. ಸಾಸೂಬಾಯಿ ಎಂದರೆ ಅತ್ತೆ, ಸೋವಳೆ ಎಂದರೆ ಮಡಿ. ನಾವೂ ಮಾಂಸ ಮುಟ್ಟದವರು. ಅವ್ವ ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ಅದು ಆ ಮನೆಗೆ ಲೆಕ್ಕಕ್ಕಿಲ್ಲ. ಕಾಕೂ ಅವ್ವನ ಕೈ ಹಿಡಿದುಕೊಂಡು ಒಂದು ದಾರಿ ಹೇಳಿದರು: "ಒಲೆಯ ಮೇಲಿಡದ ಏನಾದರೂ ಮಾಡಿ ವಹಿನಿ. ಹಸಿಯದು ನಡೆಯುತ್ತದೆ. ನಾನು ಖಂಡಿತ ತಿನ್ನುತ್ತೇನೆ." ಅವ್ವನ ಮುಖ ಅರಳಿತು. ನನಗೆ ಈಗಲೂ ಸಿಟ್ಟು ಬರುವುದು ಆ ಅರಳಿದ ಮುಖದ ಮೇಲೆ.

ಅವ್ವ ಏನು ಮಾಡಿದಳು ಗೊತ್ತೇ? ನಮ್ಮ ಮನೆಯಲ್ಲಿ ಬಿಸಿ ರೊಟ್ಟಿಗೆ ಒಂದು ಹಿಂಡಿ ಕಲಸುತ್ತಿದ್ದೆವು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ತೂಗುಹಾಕಿದರೆ ನೀರಿಳಿದು ಬೆಣ್ಣೆಯಂತೆ ಗಟ್ಟಿಯಾಗುತ್ತದೆ, ಅದೇ ಚಕ್ಕಾ. ಅದಕ್ಕೆ ಹುರಿದು ಕುಟ್ಟಿದ ಶೇಂಗಾಪುಡಿ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ಮೇಲೆ ಹಸಿ ಎಣ್ಣೆ ಬಿಟ್ಟರೆ ನಾನು ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದೆ. ಅವ್ವ ಆ ಹಿಂಡಿಯ ಒಂದೊಂದೇ ಅಂಗ ಕಿತ್ತಳು. ಬಳ್ಳೊಳ್ಳಿ ಆ ಮನೆಗೆ ಆಗದು, ತೆಗೆದಳು. ಶೇಂಗಾ ಹುರಿದದ್ದು, ಬೆಂಕಿ ಕಂಡದ್ದು, ತೆಗೆದಳು. ಕೊನೆಗೆ ಉಪ್ಪನ್ನೂ ತೆಗೆದಳು. ಉಳಿದದ್ದು ಚಕ್ಕಾ, ಹಸಿಮೆಣಸಿನಕಾಯಿ, ಕೊತ್ತಂಬರಿ, ಹಸಿ ಜೀರಿಗೆ. ಅದ್ದಿಕೊಳ್ಳಲು ಗಜ್ಜರಿ, ಮೂಲಂಗಿ, ಸೌತೆಕಾಯಿ.

ಉಪ್ಪು ಯಾಕೆ ಬೇಡ ಎಂದು ನಾನು ಕೇಳಿದಾಗ ಅವ್ವ, "ಒಬ್ಬೊಬ್ರ ನಾಲಿಗಿ ಒಂದೊಂದ್ ನಮೂನಿ ಇರ್ತದವ್ವ. ತಮಗ ಬೇಕಾದಷ್ಟು ತಾವೇ ಹಾಕ್ಕೊಳ್ಳಲಿ" ಎಂದಳು. ನಾನು ನಂಬಿದೆ.

ಚೈತ್ರದಲ್ಲಿ ಆ ಕಡೆ ಹೆಂಗಸರು ಮನೆಮನೆಗೆ ಹಳದಿ ಕುಂಕುಮಕ್ಕೆ ಹೋಗುತ್ತಾರೆ. ಆ ವರ್ಷ ಅವ್ವನೂ ಕರೆದಳು. ಚಾಪೆ ಹಾಸಿ, ಗೌರಿಯನ್ನಿಟ್ಟು, ದೊಡ್ಡ ಹಿತ್ತಾಳೆ ತಟ್ಟೆಯ ನಡುವೆ ಚಕ್ಕಾದ ಬಟ್ಟಲಿಟ್ಟು ಸುತ್ತ ಹೆಚ್ಚಿದ ಹಸಿ ತರಕಾರಿ ಜೋಡಿಸಿದಳು. ವಾಡೆಯ ಹೆಂಗಸರೆಲ್ಲ ಬಂದು ಕೂತರು. ಕಾಕೂ ಅತ್ತೆಯ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದರು. ಅವರ ಇನ್ನೊಂದು ಕೈಯಲ್ಲಿ ಮುಚ್ಚಳವಿದ್ದ ಪುಟ್ಟ ಬೆಳ್ಳಿಯ ಬಟ್ಟಲಿತ್ತು.

ಅತ್ತೆ ತಟ್ಟೆಯನ್ನು ಬಗ್ಗಿ ನೋಡಿ, "ಉಪ್ಪು ಬಿದ್ದಿಲ್ಲ ತಾನೇ?" ಎಂದರು. "ಇಲ್ರಿ, ಹಾಕಿಲ್ರಿ" ಎಂದು ಅವ್ವ ತಪ್ಪು ಮಾಡಿದವಳ ಹಾಗೆ ಅವಸರದಲ್ಲಿ ಹೇಳಿದಳು. ಆಗ ಆ ಮುದುಕಿ ಪಾಠ ಒಪ್ಪಿಸುವವರಂತೆ ನನಗೆ ವಿವರಿಸಿದರು. ಹಸಿಯದಕ್ಕೆ ಉಪ್ಪು ಬಿದ್ದರೆ ಅದು ಅಡುಗೆಯಾದ ಹಾಗೆ. ಅಡುಗೆಯಾದರೆ ಪರರ ಮನೆಯದು ನಡೆಯದು. ಕಾಕೂ ಬೆಳ್ಳಿಯ ಬಟ್ಟಲು ತೆರೆದರು. ಅದರಲ್ಲಿದ್ದದ್ದು ಉಪ್ಪು, ಅವರ ಮನೆಯ ಉಪ್ಪು. ಎಲ್ಲರೂ ಅದರಿಂದ ಚಿಟಿಕೆ ಚಿಟಿಕೆ ಉದುರಿಸಿಕೊಂಡು, ಅದ್ದಿ, ಕರುಂ ಕುರುಂ ಎಂದು ತಿಂದರು. "ಕಿತೀ ಸೋಪ್ಪಂ!" ಎಂದರು. ಎಷ್ಟು ಸುಲಭ! ಒಲೆಯಿಲ್ಲ, ಹೊಗೆಯಿಲ್ಲ, ಕಾನಡಿ ಬಾಯಿ ಜಾಣೆ ಎಂದರು.

ಸುಲಭವಂತೆ! ಹಿಂದಿನ ದಿನದಿಂದ ಮೊಸರು ತೂಗುಹಾಕಿ, ಬಟ್ಟೆ ಹಿಂಡಿ ಹಿಂಡಿ, ಮನೆಯವರ ಬಾಯಿರುಚಿಯನ್ನೆಲ್ಲ ಕಿತ್ತು ಎಸೆದು, ತನ್ನ ಉಪ್ಪನ್ನು ತಾನೇ ಬಚ್ಚಿಟ್ಟುಕೊಳ್ಳುವುದು ಯಾವ ಸೀಮೆಯ ಸುಲಭ? ಅವರ ಮನೆಯ ಉಪ್ಪಿನ ಋಣ ನಮ್ಮ ಮೇಲೆ ಬೇಕಾದಷ್ಟಿತ್ತು. ನಮ್ಮ ಉಪ್ಪಿನ ಋಣ ಅವರ ಮೇಲೆ ಒಂದು ಚಿಟಿಕೆಯೂ ಇರಬಾರದೆಂದು ಆ ಬೆಳ್ಳಿಯ ಬಟ್ಟಲು ಮೆಟ್ಟಿಲು ಹತ್ತಿ ಬಂದಿತ್ತು. ಅವ್ವನ ಕೈ ಅವರ ರಕ್ತದ ಬಟ್ಟೆ ಒಗೆಯಬಹುದು, ರೊಟ್ಟಿ ಬಡಿದು ಕೊಡಬಾರದು.

ಹೆಂಗಸರು ಇಳಿದು ಹೋದ ಮೇಲೆ ನಾನು ಅವ್ವನ ಮೇಲೆ ಹರಿಹಾಯ್ದೆ. "ಅವ್ವ, ಹಾಲು ಕಾಸದೆ ಮೊಸರಾಯ್ತೇನ? ಯಾರ ಒಲಿ ಮ್ಯಾಲ ಕಾಸಿದಿ?"

"ಹಾಲಿಗಿ ಅದು ನಡೀತದ. ಬಾಯಿ ಮುಚ್ಚು."

"ಯಾರ ಹೇಳ್ಯಾರ?"

"ಯಾರ ಹೇಳ್ತಾರ? ಅವರೇ ಹೇಳ್ಯಾರ" ಎಂದಳು ಅವ್ವ. ಹಿತ್ತಾಳೆ ತಟ್ಟೆ ಎತ್ತಿಡುತ್ತ ತಾನೇ, "ವೈನಿದೇನೂ ಇಲ್ಲ. ಎಲ್ಲಾ ಆ ಮುದುಕಿದು" ಎಂದಳು.

ಇದೇ ಅವ್ವನ ಮೂಢನಂಬಿಕೆ. ದೆವ್ವ ಭೂತ ನಂಬದ ಹೆಂಗಸು ಇದನ್ನು ನಂಬಿದ್ದಳು. ಪ್ರತಿ ಹಬ್ಬಕ್ಕೂ, "ವೈನಿ, ಒಂದಿನ ನನ್ನ ಕೈಲಿಂದ ಬಿಸಿ ರೊಟ್ಟಿ ಉಣ್ರಿ" ಎನ್ನುತ್ತಿದ್ದಳು. ಪ್ರತಿ ಸಲವೂ ಕಾಕೂ ಕೆಳಗಿನ ತೂಗುಯ್ಯಾಲೆಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ, "ಸಾಸೂಬಾಯಿ ಇರದ ಕಡೆ ನಾವಿಬ್ಬರೇ ಸಿಗೋಣ. ಆಗ ನಿಮ್ಮ ಭಾಕರಿ ಹೊಟ್ಟೆ ಬಿರಿಯುವಷ್ಟು ತಿನ್ನುತ್ತೇನೆ, ಆಣೆ" ಎನ್ನುತ್ತಿದ್ದರು. ಅವ್ವ ಆ ಆಣೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬದುಕಿದಳು. ನಾವು ನಾಸಿಕದಲ್ಲಿದ್ದಷ್ಟು ವರ್ಷವೂ ನಮ್ಮ ಮನೆಗೆ ಬೆಳ್ಳಿಯ ಬಟ್ಟಲು ಬಂತು, ಚಕ್ಕಾ ಹೋಯಿತು.

ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ಅಪ್ಪನಿಗೆ ಔರಂಗಾಬಾದಿನ ಚಿಕಲಠಾಣಾದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನಾಸಿಕದ ದ್ರಾಕ್ಷಿ, ನದಿಯ ಗಾಳಿ ಬಿಟ್ಟು ಬಂದವರಿಗೆ ಅಲ್ಲಿನ ಬಿಸಿಲು, ಉಪ್ಪುನೀರು, ಸಾಲು ಮನೆಗಳು ಬೇಸರ ತಂದವು. ಅವ್ವನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕಾಕೂವಿನ ನೆನಪು. ಯಾರೊಂದಿಗೂ ಅಷ್ಟು ಬೆರೆಯಲಿಲ್ಲ. ಮಧ್ಯಾಹ್ನ ಮೆಟ್ಟಿಲಿಲ್ಲದ ಬಾಗಿಲಲ್ಲಿ ಕೂತು ಒಬ್ಬಳೇ ಅಕ್ಕಿ ಆರಿಸುತ್ತಿದ್ದಳು.

ಕೆಲವು ವರ್ಷದ ಮೇಲೆ ಕಾಕೂವಿನ ಅತ್ತೆ ತೀರಿಕೊಂಡರೆಂದು ಗೊತ್ತಾಯಿತು. ವರ್ಷಾಂತಿಕವೂ ಕಳೆದ ಮೇಲೆ, ನಾಸಿಕದಿಂದ ಬಂದ ಪರಿಚಯದವರೊಬ್ಬರ ಕೈಯಲ್ಲಿ ಕಾಕೂ ಹೇಳಿಕಳಿಸಿದರು. ನಿಮ್ಮೂರ ಹತ್ತಿರದ ವೇರುಳದ ಜ್ಯೋತಿರ್ಲಿಂಗಕ್ಕೆ ಬರುತ್ತಿದ್ದೇವೆ, ಇವರಿಗೆ ಔರಂಗಾಬಾದಿನಲ್ಲಿ ಕಚೇರಿ ಕೆಲಸವಿದೆ, ನಾನು ಆ ದಿನ ನಿಮ್ಮ ಮನೆಯಲ್ಲೇ ಇರುತ್ತೇನೆ ಎಂದು.

ಅವ್ವ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ಒಬ್ರೇ ಬರ್ಲತ್ತಾರ! ಈಗ ಯಾರದೂ ಅಂಜಿಕಿ ಇಲ್ಲ ನೋಡು. ಉಣ್ತಾರ, ಈ ಸಲ ಉಣ್ತಾರ!"

"ಉಣ್ಣಲ್ಲ, ಬರ್ದಿಟ್ಕೋ" ಎಂದೆ ನಾನು. ಆಗ ನಾನು ಕಾಲೇಜಿಗೆ ಹೋಗುತ್ತಿದ್ದೆ, ಬಾಯಿ ಜೋರಾಗಿತ್ತು. ಮಡಿಯವರನ್ನೆಲ್ಲ ಸೇರಿಸಿ ಬೈದೆ. ಪೇಪರು ಓದುತ್ತಿದ್ದ ಅಪ್ಪ ತಲೆಯೆತ್ತದೆ, "ನಿಮ್ಮಜ್ಜಿ ಊರಾಗ ಕೂಲಿ ಮಂದಿಗಿ ಅಂಗಳದಾಗ ಕುಂಡ್ರಿಸಿ ಮ್ಯಾಲಿಂದ ನೀರು ಸುರೀತಿದ್ಳು. ಅದಕ್ಕೂ ಒಂದೆರಡು ಬೈದುಬಿಡು" ಎಂದರು. ಅಪ್ಪ ಹೇಳಿದ್ದು ನಿಜವಾಗಿತ್ತು. ಅದಕ್ಕೆ ಸಿಟ್ಟು ಇಳಿಯಲಿಲ್ಲ, ಇನ್ನೂ ಎರಡು ಕಡೆಗೆ ಹರಿಯಿತು. ಅಜ್ಜಿಯನ್ನೂ ಬೈದೆ.

ಕಾಕೂ ಬರುವ ದಿನ ಅವ್ವ ನಸುಕಿಗೇ ಎದ್ದಳು. ಎಣ್ಣೆಗಾಯಿಗೆ ಎಳೆಯ ಬದನೆಕಾಯಿ ಒಂದೊಂದನ್ನೂ ಹಿಚುಕಿ ನೋಡಿ ತಂದಿದ್ದಳು. ಝುಣಕ, ಹೆಸರುಕಾಳು ಪಲ್ಯ, ಶೇಂಗಾ ಹೋಳಿಗೆ, ಅದಕ್ಕೆ ತುಪ್ಪ. ಹಿಟ್ಟು ನಾದಿಟ್ಟು, ಕಾಕೂ ಕೂತ ಮೇಲೆಯೇ ರೊಟ್ಟಿ ಬಡಿಯಬೇಕೆಂದು ಹಂಚು ಕಾಯಿಸಿಟ್ಟಳು. ರೊಟ್ಟಿಗೆ ಹಿಂಡಿ ಬೇಕಲ್ಲ, ಅದಕ್ಕೆ ಮೊಸರೂ ಗೂಟಕ್ಕೆ ತೂಗುತ್ತಿತ್ತು. ಬದನೆಕಾಯಿಯ ವಾಸನೆ ಸಾಲುಮನೆಯ ಕೊನೆಯವರೆಗೂ ಹೋಗಿ ಪಕ್ಕದವರು ಯಾರು ಬರುತ್ತಾರೆಂದು ವಿಚಾರಿಸಿಕೊಂಡು ಹೋದರು. ಅವ್ವ ಮದುವೆಯ ಇಳಕಲ್ ಸೀರೆ ಉಟ್ಟಿದ್ದಳು.

ರಿಕ್ಷಾದಿಂದ ಕಾಕೂವನ್ನು ಇಳಿಸಿ ಅವರ ಯಜಮಾನರು ಹಾಗೇ ಕಚೇರಿಗೆ ಹೋದರು. ಇಬ್ಬರೂ ಹೆಂಗಸರು ಬಾಗಿಲಲ್ಲೇ ತಬ್ಬಿಕೊಂಡು ಅತ್ತರು. ಕಾಕೂ ನನ್ನ ಗಲ್ಲ ಸವರಿದರು, ಕಾಲು ತೊಳೆದು ಒಳಗೆ ಬಂದರು, "ಏನು ಘಮ ವಹಿನಿ!" ಎಂದರು. ಅವ್ವ ಮಣೆ ಹಾಕಿ, ತಟ್ಟೆಯಿಟ್ಟು, ಹಂಚಿನ ಮೇಲೆ ಮೊದಲ ರೊಟ್ಟಿ ಹಾಕಿದಳು. ಅಪ್ಪ ಕಾರ್ಖಾನೆಗೆ ಹೋಗಿದ್ದರು. ಮನೆಯಲ್ಲಿ ಇದ್ದವರು ನಾವು ಮೂವರೇ.

ಕಾಕೂ ಕೂತರು. ಕೂತು, ಚೀಲದಿಂದ ಒಂದು ಡಬ್ಬಿ ತೆಗೆದರು. ಡಬ್ಬಿಯಲ್ಲಿ ದಶಮಿ ಇತ್ತು. ಹಿಟ್ಟಿಗೆ ನೀರು ಸೋಕಿಸದೆ ಹಾಲಿನಲ್ಲೇ ನಾದಿ ಮಾಡುವ ರೊಟ್ಟಿ, ಮಡಿಯವರು ಪ್ರಯಾಣಕ್ಕೆ ಕಟ್ಟಿಕೊಳ್ಳುವಂಥದ್ದು. "ನಿಮಗೆ ಯಾಕೆ ಸುಮ್ಮನೆ ತೊಂದರೆ ಅಂತ ತಂದೆ" ಎಂದರು. "ನಿಮ್ಮ ಆ ಚಕ್ಕಾ ಒಂದು ಇದ್ದರೆ ಸಾಕು. ಎಷ್ಟು ದಿನವಾಯಿತು ತಿಂದು! ಕಿತೀ ಸೋಪ್ಪಂ, ಅಲ್ಲವಾ?"

ಆಮೇಲೆ ಚೀಲಕ್ಕೆ ಮತ್ತೆ ಕೈ ಹಾಕಿ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಆ ಬೆಳ್ಳಿಯ ಬಟ್ಟಲನ್ನು ತೆಗೆದು ತಟ್ಟೆಯ ಪಕ್ಕದಲ್ಲಿಟ್ಟರು.

ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಅವ್ವ ಅದನ್ನು ತಿರುವಲಿಲ್ಲ. ನಾನೇ ಓಡಿ ತೆಗೆದೆ. ಅವ್ವ ಬಹಳ ಮೆತ್ತಗೆ, "ಸಾಸೂಬಾಯಿ ಈಗ ಇಲ್ಲಲ್ರಿ ವೈನಿ" ಎಂದಳು.

ಕಾಕೂ ನೆಲ ನೋಡಿದರು. "ಇಲ್ಲ. ಅದಕ್ಕೇ ಕಷ್ಟ ನೋಡಿ. ಈಗ ಮನೆಯ ಹಿರಿಯಳು ನಾನೇ. ನಾನೇ ಬಿಟ್ಟರೆ ಹೇಗೆ?"

ನನಗೆ ಆ ಬಟ್ಟಲನ್ನು ಎತ್ತಿ ಅಂಗಳಕ್ಕೆ ಬೀಸಬೇಕೆನಿಸಿತು. ಯಾರು ನೋಡುತ್ತಿದ್ದರು ಅಲ್ಲಿ? ವಾಡೆಯಿಲ್ಲ, ತೂಗುಯ್ಯಾಲೆಯಿಲ್ಲ, ಸತ್ತ ಅತ್ತೆ ನಾಸಿಕದಿಂದ ಎದ್ದು ಬರುತ್ತಿದ್ದಳೇ? ಇಷ್ಟು ವರ್ಷ ಆ ಮುದುಕಿಯನ್ನು ಮುಂದೆ ಮಾಡಿಕೊಂಡು, ಆಣೆ ಹಾಕಿ, ಅವ್ವನ ಕೈಯಿಂದ ಏನೆಲ್ಲ ಮಾಡಿಸಿಕೊಂಡ ಹೆಂಗಸು ಇವಳು. ಬಾಯಿ ತೆರೆದೆ. ಅವ್ವ ನನ್ನ ಕಡೆ ಒಂದೇ ಸಲ ನೋಡಿದಳು, ನಾನು ಬಾಯಿ ಮುಚ್ಚಿದೆ.

ಅವ್ವ ಗೂಟದಿಂದ ಚಕ್ಕಾದ ಗಂಟು ಬಿಚ್ಚಿದಳು. ಕಲ್ಲು, ಬಟ್ಟಲು, ಡಬ್ಬಿಗಳನ್ನೆಲ್ಲ ಒಳಗಿನಿಂದ ತಂದು ಕಾಕೂವಿನ ಎದುರಿಗೇ ಕೂತಳು. ಹಸಿಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ ಜಜ್ಜಿ ಕಲಸಿದಳು. ಕಾಕೂ ನಗುತ್ತ ದಶಮಿ ಮುರಿದುಕೊಂಡರು. ಅವ್ವ ನಿಲ್ಲಿಸಲಿಲ್ಲ. ಬಳ್ಳೊಳ್ಳಿಯ ಎಸಳು ಸುಲಿದು ಜಜ್ಜಿದಳು. ಕಾಕೂವಿನ ಕೈ ನಿಂತಿತು. ಹುರಿದ ಶೇಂಗಾಪುಡಿ ಹಾಕಿದಳು, ಹಸಿ ಎಣ್ಣೆ ಬಿಟ್ಟಳು. ಕೊನೆಗೆ ನಮ್ಮ ಮನೆಯ ಮರದ ಮರಿಗೆಯಿಂದ ಉಪ್ಪು ತೆಗೆದು, ಕಾಕೂವಿನ ಮುಖ ನೋಡುತ್ತಲೇ ಹಾಕಿ, ಐದು ಬೆರಳೂ ಅದ್ದಿ ಕಲಸಿದಳು. ಹಿಂಡಿಯ ಬಟ್ಟಲನ್ನು ಅವರ ತಟ್ಟೆಯ ಮುಂದೆ ಸರಿಸಿದಳು.

"ಉಪ್ಪು ನಾನೇ ಹಾಕೀನ್ರಿ ವೈನಿ. ನಾವು ಉಣ್ಣೋ ಹಿಂಡಿ ಇದು. ನೀವು ಇಷ್ಟು ದಿನ ತಿಂದಿದ್ದು ಇದಲ್ಲ."

ಕಾಕೂ ಮುಟ್ಟಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡರು, ಆದರೂ ಮುಟ್ಟಲಿಲ್ಲ. ದಶಮಿಯ ಚೂರನ್ನು ತಟ್ಟೆಗಿಟ್ಟು, "ಸ್ವಲ್ಪ ಬೆಲ್ಲವಿದ್ದರೆ ಕೊಡಿ" ಎಂದರು. ಅವ್ವ ಎದ್ದು ಬೆಲ್ಲ ಕೊಟ್ಟಳು. ಬಂದವರನ್ನು ಉಪವಾಸ ಕೂರಿಸುವವಳಲ್ಲ ಅವಳು. ಕೊಟ್ಟು, ಒಲೆಯ ಮುಂದೆ ಕೂತು ನಾಲ್ಕು ರೊಟ್ಟಿ ಬಡಿದಳು, ಎರಡು ನನಗೆ, ಎರಡು ತನಗೆ. ಅತಿಥಿ ಉಣ್ಣುವ ಮೊದಲು ಅವ್ವ ಒಂದು ತುತ್ತು ಬಾಯಿಗಿಟ್ಟಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವತ್ತು ಕಾಕೂವಿನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ರೊಟ್ಟಿ ಮುರಿದು, ಹಿಂಡಿಯಲ್ಲಿ ಅದ್ದಿ ತಿಂದಳು. ಎಣ್ಣೆಗಾಯಿ ಬಡಿಸಿಕೊಂಡಳು. ಹೋಳಿಗೆಗೆ ತುಪ್ಪ ಸುರಿದುಕೊಂಡಳು. ಒಂದೊಂದು ತುತ್ತಿಗೂ ನೀರು ಕುಡಿಯಬೇಕಾಯಿತು. ಆದರೂ ತಿಂದಳು.

"ಉಪ್ಪು ಬರೋಬರಿ ಆಗ್ಯಾದ ನೋಡು" ಎಂದಳು ನನಗೆ.

"ಭಾಳ ಛಲೋ ಆಗ್ಯಾದವ್ವ" ಎಂದೆ, ಕಾಕೂಗೆ ಕೇಳಲೆಂದೇ ಜೋರಾಗಿ.

ಕಾಕೂ ದಶಮಿಗೆ ಬೆಲ್ಲ ಹಚ್ಚಿಕೊಂಡು ತಿಂದರು. ಆಮೇಲೆ ಇಬ್ಬರೂ ವಾಡೆಯ ಸುದ್ದಿ ಮಾತಾಡಿದರು, ಯಾರ ಮದುವೆಯಾಯಿತು, ಯಾರು ಬಿಟ್ಟು ಹೋದರು ಎಂದು. ಈಗ ಒಬ್ಬರ ಭಾಷೆ ಇನ್ನೊಬ್ಬರಿಗೆ ಪೂರ್ತಿ ಬರುತ್ತಿತ್ತು. ಆದರೆ ನಗು ಬರಲಿಲ್ಲ. ಸಂಜೆ ಯಜಮಾನರ ರಿಕ್ಷಾ ಬಂತು. ಅವ್ವ ಕುಂಕುಮ ಹಚ್ಚಿದಳು, ಉಡಿ ತುಂಬಿದಳು. ಹಸಿ ಅಕ್ಕಿ, ಹಸಿ ತೆಂಗಿನಕಾಯಿ. ಅದು ನಡೆಯುತ್ತದೆ. ಕಾಕೂ ಅವ್ವನ ಎರಡೂ ಕೈ ಹಿಡಿದು, "ಇನ್ನೊಮ್ಮೆ ಬಂದಾಗ" ಎಂದು ಶುರು ಮಾಡಿದರು. ಅವ್ವ ಕೈ ಬಿಡಿಸಿಕೊಂಡು ಒಳಗೆ ಹೋದಳು.

ಹೊರಗೆ ಬಂದಾಗ ಅವಳ ಕೈಯಲ್ಲಿ ಬೆಳ್ಳಿಯ ಬಟ್ಟಲಿತ್ತು. ಅದರ ಮುಚ್ಚಳ ತೆರೆದೇ ಇರಲಿಲ್ಲ. ಅದೇ ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ ತಂದಿದ್ದಳು. ರಿಕ್ಷಾದೊಳಗೆ ಬಗ್ಗಿ ಕಾಕೂವಿನ ಮಡಿಲಲ್ಲಿ ಇಟ್ಟಳು.

"ನಿಮ್ಮ ಉಪ್ಪು ಮರೀಲತ್ತಿದ್ರಿ ವೈನಿ" ಎಂದಳು.